ಟವರಿನ ಮೇಲಿನ ದನಿ

ದೆವ್ವ, ದನಿ, ಮುನ್ಸೂಚನೆ ಎಂದು ಯಾರಾದರೂ ಕತೆ ತೆಗೆದರೆ ನಾನು ಚಹಾ ಹೀರುತ್ತ ನಗುತ್ತಿದ್ದೆ. ನನ್ನ ಕೆಲಸವೇ ಕಣ್ಣಿಗೆ ಕಾಣದ್ದನ್ನು ಹಿಡಿದು ತೋರಿಸುವುದು. ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ನೀರು ಮಾಳಿಗೆಯ ಮೇಲಿನ ಕೂಲಿಂಗ್ ಟವರಿನಲ್ಲಿ ಸುತ್ತುತ್ತಿರುತ್ತದೆ. ಅದರಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆದರೆ ತುಂತುರಿನೊಡನೆ ಹಾರಿ ಜನರ ಎದೆಗೂಡಿಗೆ ಇಳಿಯುತ್ತವೆ. ಅದಕ್ಕೇ ಆಗಾಗ ಹೋಗಿ ಆ ನೀರು ತಂದು ಪರೀಕ್ಷಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಉಮರ್ಗಾದ ಒಂದು ಆಸ್ಪತ್ರೆಗೆ ಹೀಗೇ ಹೋಗಿದ್ದೆ. ಗುಂಜೋಟಿಯ ನನ್ನ ಸೋದರತ್ತೆ ಸೊಂಟದ ಆಪರೇಷನ್ ಆಗಿ ಅಲ್ಲೇ ಮಲಗಿದ್ದಳು. ಅವಳ ಕಿಟಕಿಯ ನೇರ ಮೇಲೆಯೇ ಟವರು. ಮಷೀನು ನೋಡಿಕೊಳ್ಳುವ ಗುರಪ್ಪ ನನ್ನ ಕೈಯಿಂದ ಬಾಟಲಿ ಕಸಿದುಕೊಂಡ.

"ನೀವು ಊರಿಗಿ ಬಂದ ಪಾವಣ್ಯಾರು, ಅತ್ತಿನ್ನ ನೋಡ್ಹೋಗ್ರಿ. ನೀರು ನಾ ತುಂಬತೀನಿ."

ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ಮಂಚದ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ, ಟವರಿನ ಫ್ಯಾನಿನ ಗುಂಯ್‌ ಸದ್ದಿನ ನಡುವೆ, ಅತ್ತೆಯದೇ ದನಿ ಕೇಳಿಸಿತು: "ತಮ್ಮಾ, ಬಾಟ್ಲಿ ತೊಳದಾನ ನೋಡೋ!"

ತಿರುಗಿ ನೋಡಿದೆ. ಅತ್ತೆಯ ತುಟಿ ಬಿಗಿದಿತ್ತು. ಮತ್ತೆ ಅದೇ ಮಾತು, ಈ ಸಲ ಏದುಸಿರಿನೊಡನೆ. ಮೆಟ್ಟಿಲು ಹತ್ತಿ ಓಡಿದೆ. ಮಾಳಿಗೆಯ ಮೇಲೆ ಗುರಪ್ಪ ಒಬ್ಬನೇ ಇದ್ದ.

"ಬಾಟ್ಲಿ ತೊಳದ್ರೇನು ಗುರಪ್ಪಾ?"

"ತೊಳೀಲಾರ್ದ ಹ್ಯಾಂಗ ತುಂಬಬೇಕ್ರೀ? ನೀರಂದ್ರ ಗಂಗವ್ವ, ಅಕಿನ್ನ ಹೊಲಸು ಬಾಟ್ಲ್ಯಾಗ ಹಾಕ್ಲೇನು? ಒಳಗ ಬೆಳ್ಳಂದು ಪುಡಿ ಇತ್ತು, ಚಂದಂಗ ತಿಕ್ಕಿ ತಗದೀನಿ. ನೀವು ಬರ್ತೀರಂತ ಮುಂಜಾನೆ ನೀರಿಗಿ ಔಷಧಾನೂ ಹಾಕೀನಿ."

ಆ ಪುಡಿ ಔಷಧದ ಕಸುವು ಮುರಿಯಲೆಂದು ನಾವೇ ಹಾಕಿಟ್ಟದ್ದು. ಅದಿಲ್ಲದಿದ್ದರೆ ನೀರಿನ ಔಷಧ ಬಾಟಲಿಯೊಳಗೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಲೇ ಇರುತ್ತದೆ. ಟವರಿನ ಲೋಳೆಯಲ್ಲಿ ಅವು ಬದುಕಿದ್ದರೂ ಪರೀಕ್ಷೆಯಲ್ಲಿ ನೀರು ಚೊಕ್ಕ ಎಂದೇ ಬರುತ್ತದೆ.

ಪುಡಿಯಿದ್ದ ಬೇರೆ ಬಾಟಲಿಯಲ್ಲಿ ನಾನೇ ನೀರು ಹಿಡಿದೆ. ಫಲಿತಾಂಶ ಬರುವವರೆಗೆ ಕಾಯುವ ಧೈರ್ಯವಾಗಲಿಲ್ಲ. ಡಾಕ್ಟರ ಕೈಕಾಲು ಹಿಡಿದು ಟವರು ನಿಲ್ಲಿಸಿ, ಅತ್ತೆಯನ್ನು ಬೇರೆ ಕೋಣೆಗೆ ಸಾಗಿಸಿದೆ. ಮುಂದೆ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಪುಣ್ಯಕ್ಕೆ ಅತ್ತೆಗೆ ಏನೂ ಆಗಲಿಲ್ಲ.

ಅವತ್ತೇ ಸಂಜೆ ಕೇಳಿದ್ದೆ: "ಅತ್ತೀ, ನಿದ್ದ್ಯಾಗ ಏನರ ಮಾತಾಡಿದ್ದೇನು?"

"ನಿದ್ದಿ ಎಲ್ಲಿಂದೋ! ನೀನೇ ಮ್ಯಾಲಿಂದ 'ಅತ್ತೀ, ಉಸರು ಬಿಗಿಹಿಡಿ' ಅಂತ ಒದರಲತ್ತಿದ್ದಿ. ಅಂಜಿ ಕಣ್ಣು ಮುಚ್ಚಿಕೊಂಡಿದ್ದೆ."

ಆಗ ನಾನು ಅವಳ ಪಕ್ಕದಲ್ಲೇ, ತುಟಿ ಬಿಚ್ಚದೆ ಕೂತಿದ್ದೆ. ನಮ್ಮಿಬ್ಬರ ದನಿಯಲ್ಲೂ ಅಲ್ಲಿ ಮಾತಾಡಿದ್ದು ಯಾರೋ, ನನಗೆ ಇಂದಿಗೂ ಬಗೆಹರಿದಿಲ್ಲ. ಈಗ ಯಾವ ಟವರಿನ ಹತ್ತಿರ ಹೋದರೂ ಮೊದಲು ಫ್ಯಾನು ನಿಲ್ಲಿಸಲು ಹೇಳುತ್ತೇನೆ. ಸದ್ದು ಪೂರ್ತಿ ಅಡಗಿದ ಮೇಲೂ ಒಳಗಿನಿಂದ ಯಾರಾದರೂ ಕರೆದರೆ ಏನು ಮಾಡಬೇಕೋ, ನಿಮಗಾದರೂ ಗೊತ್ತಿದ್ದರೆ ಹೇಳಿ.