ದೋಣಿಯ ಹೆಸರು

“ಅಮ್ಮಾರ, ‘ಸುಮತಿ’ ಅನ್ನೋ ದೋಣಿ ಆಗಲೇ ರಜಿಸ್ಟರ್‌ನಾಗ ಐತ್ರಿ. ‘ಸುಮತಿ ನಂಬರ್ ಎರಡು’ ಅಂತ ಬರೀಲೇನು?” ಎಂದ ಬಂದರು ಕಚೇರಿಯ ಗುಮಾಸ್ತ, ಧಾರವಾಡ ಕಡೆಯವನು.

ಬಾಂದ್ರಾದಲ್ಲಿ ನಾವು ಸಂಜೆಯ ವಿಹಾರಕ್ಕೆ ಇಟ್ಟುಕೊಂಡ ಪುಟ್ಟ ಸೇಲಿಂಗ್ ಬೋಟ್‌ಗೂ ಈಗ ಫೀ ಕಟ್ಟಿ ರಿಜಿಸ್ಟ್ರೇಶನ್ ಮಾಡಿಸಬೇಕು. ನಮ್ಮ ಒಬ್ಬಳೇ ಮಗಳು ಸುಮತಿ ಟೈಫಾಯ್ಡ್‌ನಲ್ಲಿ ಹೋದ ಮೇಲೆ ಯಜಮಾನರು ತಾವೇ ಬ್ರಷ್ ಹಿಡಿದು ಅದರ ಮೇಲೆ ಅವಳ ಹೆಸರು ಬರೆದಿದ್ದರು.

“ನನಗೆ ಎರಡನೆಯ ಸುಮತಿ ಇಲ್ಲಪ್ಪ,” ಎಂದೆ.

ಅವನು ಪೆನ್ನು ಕೆಳಗಿಟ್ಟ. “ಒಂದ ಹೆಸರು ಎರಡು ದೋಣಿಗೆ ಕೊಡಂಗಿಲ್ರಿ. ರೂಲ್ ನಂದಲ್ರಿ, ತಾಯಿ.”

ಬಾಯಿಗೆ ಬಂದ ‘ಸೀಗಲ್’ ಎಂಬ ಕಡಲಹಕ್ಕಿಯ ಹೆಸರನ್ನು ಫಾರ್ಮ್‌ನಲ್ಲಿ ತುಂಬಿಸಿ, ಥ್ಯಾಂಕ್ ಯೂ ಹೇಳಿ ಬಂದೆ.

ಹಳೆಯ ಅಕ್ಷರಗಳನ್ನು ಯಜಮಾನರು ಪೇಂಟರನ ಕೈಗೆ ಬಿಡಲಿಲ್ಲ. ತಾವೇ ಕೂತು ಕೆರೆದರು. ಆಮೇಲೆ ಅವರು ಆ ದೋಣಿ ಹತ್ತಿಲ್ಲ. ನಾನೂ ಕರೆದಿಲ್ಲ.