ಬಿಸಿಯಾಗುವ ತನಕ

ಆಂಪ್ಲಿಫೈಯರ್‌ಗಳನ್ನು ಮನೆಗೇ ಒಯ್ದು, ಕೇಳಿಸಿ ಮಾರುವುದು ನನ್ನ ಕೆಲಸ. ಮುಲುಂಡ್‌ನ ಒಂದು ಮನೆಗೆ ಎರಡು ಹೊತ್ತುಕೊಂಡು ಹೋದೆ. ಯಜಮಾನರು ಧಾರವಾಡದವರು. ದಿನಾ ಲೋಕಲ್ ರೈಲಿನಲ್ಲಿ ನಿಂತು ನಿಂತು ರೂಢಿಯಾಗಿ, ಭಾನುವಾರ ಮನೆಯಲ್ಲೂ ಬಾಗಿಲ ಹತ್ತಿರವೇ ನಿಂತಿದ್ದರು.

ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಗುಂಡಿ ಒತ್ತಿದ ಕೂಡಲೇ ಹಾಡಿತು. "ಇದ ಇರ್ಲಿ ಬಿಡ್ರಿ," ಎಂದು ಯಜಮಾನರು ನಿಂತಲ್ಲೇ ಒಪ್ಪಿದರು.

ಇನ್ನೊಂದು ಗಾಜಿನ ವಾಲ್ವ್‌ಗಳದ್ದು, ಬಿಸಿಯಾದ ಮೇಲೇ ಹಾಡುವಂಥದ್ದು. ಕಾದು ಬೇಸತ್ತು ಅವರು ಹೆಂಡತಿಯ ಪಕ್ಕ ಕೂತರು. ಏನೋ ಮಾತು ಬಂತು, ಇಬ್ಬರೂ ನಗತೊಡಗಿದರು. ಹಾಡು ಶುರುವಾದದ್ದನ್ನೂ ಗಮನಿಸಲಿಲ್ಲ.

"ಯಾವುದರ ಧ್ವನಿ ಚಲೋ ಅನಸ್ತದ್ರಿ, ಅಕ್ಕಾರ?" ಎಂದೆ.

"ಧ್ವನಿ ನನಗೇನ್ ತಿಳೀತದ್ರೀ? ಇವರನ್ನ ಕುಂದ್ರಿಸಿದ್ದು ಇದು. ಇದನ್ನ ಇಟ್ಟು ಹೋಗ್ರಿ."

ಒತ್ತಿದ ಕೂಡಲೇ ಹಾಡುತ್ತದೆ ಎಂದು ಹೊಗಳುವ ಮೊದಲು, ಮನೆಯಲ್ಲಿ ಯಾರು ನಿಂತಿದ್ದಾರೆಂದು ಈಗ ನೋಡಿಕೊಳ್ಳುತ್ತೇನೆ.