ಗಿಳಿ ಲೇಬಲ್ಲಿನ ರೆಕಾರ್ಡು

ಹಳೆಯ ಗ್ರಾಮೋಫೋನ್ ರೆಕಾರ್ಡುಗಳನ್ನು ಈಗ ಹೊಸದಾಗಿ ತಯಾರಿಸಿ ಮಾರುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಹಾಡು ಅದೇ, ದನಿ ಮೊದಲಿಗಿಂತ ಸ್ವಚ್ಛ ಎನ್ನುತ್ತಾರೆ. ಮೊದಲಿನ ದನಿಯನ್ನು ಇವರು ಯಾವಾಗ ಕೇಳಿದ್ದರೋ! ನನ್ನಂತೆ ರೆಕಾರ್ಡು ಕೂಡಿಡುವ ಹುಚ್ಚಿನವರದೊಂದು ಗುಂಪು ಫೋನಿನಲ್ಲಿದೆ. ಅಲ್ಲಿ ಸದಾ ಒಂದೇ ಜಗಳ: ರೆಕಾರ್ಡಿನ ನಡುವಿನ ಲೇಬಲ್ಲು, ಅದರ ಚಿತ್ರ, ಹಳೆಯದರಂತೆಯೇ ಇರಬೇಕೋ ಬೇಡವೋ. ಬೇಡ ಎನ್ನುವವರು "ಹಾಡು ಕೇಳೂದಕ್ಕೋ ನೋಡೂದಕ್ಕೋ?" ಎಂದು ಕಾಲೆಳೆಯುತ್ತಾರೆ. ಅವರ ಮೇಲೂ ನನಗೆ ಅನುಮಾನವೇ. ಅರ್ಧಕ್ಕರ್ಧ ಜನ ವ್ಯಾಪಾರಿಗಳೇ ಇರಬೇಕು.

ಈ ಗುಣ ನನಗೆ ಅವ್ವನಿಂದ ಬಂದದ್ದು. ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ನೋಡದೆ ಚೀಲಕ್ಕೆ ಹಾಕಿದವಳಲ್ಲ ಅವಳು. ಯಲಬುರ್ಗಾದಲ್ಲಿ ನಮ್ಮಪ್ಪನದು ಮೈಕ್ ಸೆಟ್ಟಿನ ಕೆಲಸ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಕರೆ ಬಂದ ಕಡೆ ಅಪ್ಪ ಬೇವಿನ ಮರ ಹತ್ತಿ ಹಾರ್ನ್ ಕಟ್ಟುತ್ತಿದ್ದ. ಆಳು ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಕೆಳಗೆ ಯಂತ್ರದ ಹತ್ತಿರ ಕೂತು ರೆಕಾರ್ಡು ಹಾಕುವವಳು ಅವ್ವ. ಸಾಲೆಯ ಮುಖ ನೋಡದ ಅವಳು ಲೇಬಲ್ಲಿನ ಬಣ್ಣ, ಚಿತ್ರ ನೋಡಿಯೇ ಇದು ಯಾವ ಹಾಡೆಂದು ಹೇಳುತ್ತಿದ್ದಳು. ಲೇಬಲ್ಲಿನ ಮೇಲೆ ಒಂದೇ ಚಿತ್ರವಿರುವ ಎರಡು ರೆಕಾರ್ಡುಗಳಿದ್ದರೆ ಖಂಡೇನವಮಿಯ ಆಯುಧ ಪೂಜೆಯಲ್ಲಿ ಒಂದಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ ಕುಂಕುಮ ಹಚ್ಚುವಳು. ಆಮೇಲೆ ವರ್ಷವಿಡೀ ಅದೇ ಗುರುತು. ಮದುವೆ ಮನೆಯಲ್ಲಿ ಬೆಳಿಗ್ಗೆ ಮೊದಲು ಹಾಕುತ್ತಿದ್ದದ್ದು ಒಂದು ಸೋಬಾನೆ ಹಾಡು. ಅದರ ಲೇಬಲ್ಲಿನ ನೀಲಿ ಕಾಗದದ ಮೇಲೆ ಎರಡು ಹಸಿರು ಗಿಳಿ. ಅವ್ವ ಅದನ್ನು ಗಿಳಿ ಪ್ಲೇಟು ಎನ್ನುತ್ತಿದ್ದಳು. ಕ್ಯಾಸೆಟ್ಟುಗಳು ಬಂದ ಮೇಲೆ ಉಳಿದವುಗಳ ಜೊತೆ ಅದೂ ಗುಜರಿಗೆ ಹೋಯಿತು.

ಈಗ ಅಪ್ಪ ಇಲ್ಲ. ಅವ್ವ ಕುಷ್ಟಗಿಯಲ್ಲಿ ನನ್ನ ಜೊತೆ ಇದ್ದಾಳೆ. ಅವಳ ಕಿವಿ ಪೂರಾ ಹೋಗಿದೆ, ಯಂತ್ರ ಹಾಕಿದರೂ ಪ್ರಯೋಜನವಿಲ್ಲವೆಂದು ಕೊಪ್ಪಳದಲ್ಲಿ ವೈದ್ಯರು ಹೇಳಿಬಿಟ್ಟರು. ಅಂದಿನಿಂದ ಯಾರ ತುಟಿ ಅಲ್ಲಾಡಿದರೂ ತನ್ನ ಬಗ್ಗೆಯೇ ಏನೋ ಆಡುತ್ತಿದ್ದಾರೆಂದು ತಿಳಿಯುತ್ತಾಳೆ. ದಿನದಿಂದ ದಿನಕ್ಕೆ ಮಾತೂ ಕಡಿಮೆಯಾಯಿತು. ನನಗೆ ಭಯವಾಯಿತು. ಕೇಳಿಸದಿದ್ದರೂ ಆ ರೆಕಾರ್ಡು ಕಣ್ಣ ಮುಂದೆ ತಿರುಗಿದರೆ ಹಾಡಾದರೂ ನೆನಪಾದೀತು, ಅವಳು ನಮ್ಮ ಕಡೆ ವಾಪಸು ಬಂದಾಳು ಎಂದುಕೊಂಡೆ.

ಹೊಸ ರೆಕಾರ್ಡು ತರಿಸಿದೆ. ಲೇಬಲ್ ಹೇಗಿದೆ ಎಂದು ಕೇಳಿದ್ದಕ್ಕೆ ಮಾರುವವನು "ಸೇಮ್ ಟು ಸೇಮ್" ಎಂದಿದ್ದ. ಬಂದದ್ದು ಕಪ್ಪು ಲೇಬಲ್, ಬೆಳ್ಳಿ ಬಣ್ಣದ ಅಕ್ಷರ. ಹಾಡು ಮಾತ್ರ ಅದೇ. ಜೋರಾಗಿ ಹಾಕಿ ಅವ್ವನನ್ನು ಎದುರಿಗೆ ಕೂಡಿಸಿದೆ. ಅವಳು ಬಗ್ಗಿ ನೋಡಿ ಮೂಗು ಮುರಿದಳು.

"ಇದು ಗಿಳಿ ಪ್ಲೇಟಲ್ಲ. ಯಾರೋ ನಿನಗ ಟೋಪಿ ಹಾಕ್ಯಾರ."

ಹಾಡು ಅದೇ ಐತಿ ಎಂದು ಕೈಸನ್ನೆ ಮಾಡಿ, ಕಿವಿಯಲ್ಲಿ ಕೂಗಿ ಹೇಳಿದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ಕಿವುಡಿ ಅಂತ ನೀನೂ ನನ್ನ ಆಟ ಆಡಸ್ತೀ ಏನು?"

ಊರಿನವರನ್ನೆಲ್ಲ ಅನುಮಾನಿಸುವ ಅವಳು ಅಲ್ಲಿಯವರೆಗೆ ನನ್ನನ್ನು ಅನುಮಾನಿಸಿರಲಿಲ್ಲ.

ಹಳೆಯ ಲೇಬಲ್ಲಿನ ಫೋಟೋ ಸಿಕ್ಕರೆ ಫ್ಲೆಕ್ಸ್ ಅಂಗಡಿಯಲ್ಲಿ ಸ್ಟಿಕ್ಕರ್ ಮಾಡಿಸಿ ಹೊಸದರ ಮೇಲೆ ಅಂಟಿಸಬಹುದು ಎಂದು ಹೊಳೆಯಿತು. ಗಂಗಾವತಿಯಲ್ಲಿ ಹಳೆಯ ರೇಡಿಯೋ, ಹಿತ್ತಾಳೆ ಸಾಮಾನು ಮಾರುವವನೊಬ್ಬನ ಬಳಿ ಗಿಳಿ ಪ್ಲೇಟು ಇದೆಯೆಂದು ಗುಂಪಿನಲ್ಲಿ ತಿಳಿದು ಬಸ್ಸು ಹತ್ತಿದೆ. ಅವನು ಬಟ್ಟೆ ಬಿಚ್ಚಿ ತೋರಿಸಿದ. ಅವೇ ಗಿಳಿಗಳು. ಅಂಚಿನಿಂದ ಲೇಬಲ್ಲಿನವರೆಗೆ ಸೀಳು ಬಿಟ್ಟಿತ್ತು, ಸೂಜಿ ಇಟ್ಟರೆ ಸೂಜಿಯೇ ಹಾಳಾಗುವಷ್ಟು. ನಾನು ಫೋನು ತೆಗೆದದ್ದೇ ತಡ, ಅವನು ಲೇಬಲ್ಲಿನ ಮೇಲೆ ಅಂಗೈ ಮುಚ್ಚಿದ.

"ಫೋಟೋ ಬ್ಯಾಡ್ರಿ ಅಕ್ಕಾರ."

"ಯಾಕ್ರಿ ಅಣ್ಣಾರ?"

"ಫೋಟೋ ಹೊಡ್ಕೊಂಡು ಹೋಗಿ ಸ್ಟಿಕ್ಕರ್ ಮಾಡಸ್ತಾರ್ರಿ. ಹೊಸಾ ಪ್ಲೇಟಿಗೆ ಅಂಟಿಸಿ ಹಳೇದು ಅಂತ ಮಾರ್ತಾರ. ಮ್ಯಾಲ ಒಂದು ಬೊಟ್ಟು ಕುಂಕುಮಾನೂ ಹಚ್ಚತಾರ."

ಮನಸ್ಸಿನೊಳಗೆ ಕೈ ಹಾಕಿ ನೋಡಿದ್ದನೋ ಏನೋ. ಆದರೂ ನನಗೇ ಸಿಟ್ಟು ಬಂತು.

"ನನ್ನ ನೋಡಿದ್ರ ಹಂಗ ಕಾಣ್ತೈತೇನ್ರಿ?"

"ಯಾರನ್ನ ನೋಡಿದ್ರೂ ಹಂಗ ಕಾಣೂದಿಲ್ರಿ. ಅದಕ್ಕ ಅಂಜಿಕಿ."

ಬಿಡುವವಳು ನಾನಲ್ಲ. ಆ ಲೇಬಲ್ಲಿನ ಮೇಲೂ ಕುಂಕುಮದ ಕಲೆಯಿತ್ತು. ಬೆರಳು ಒದ್ದೆ ಮಾಡಿ ಅವನೆದುರೇ ಉಜ್ಜಿದೆ. ಹೊಸದಾಗಿದ್ದರೆ ಕೆಂಪಗೆ ಬೆರಳಿಗೆ ಹತ್ತುತ್ತಿತ್ತು. ಇದು ಕಾಗದದೊಳಗೆ ಇಳಿದು ಕಂದಾಗಿತ್ತು. ಹಳೆಯದೇ. ನಮ್ಮೂರು ಯಲಬುರ್ಗಾ ಎಂದು ಬಾಯಿ ತಪ್ಪಿ ಹೇಳಿದ ಕೂಡಲೇ ಅವನು, "ಇದೂ ಯಲಬುರ್ಗಾ ಕಡೀದ ಐತ್ರಿ" ಎಂದ. ಕಾರಟಗಿ ಎಂದಿದ್ದರೆ ಅದು ಕಾರಟಗಿಯದಾಗುತ್ತಿತ್ತು. ಫೋಟೋ ಕೊಡುವುದಿಲ್ಲ, ಬೇಕಾದರೆ ಮಾಲನ್ನೇ ಒಯ್ಯಿರಿ ಎಂದ. ಬೈದುಕೊಳ್ಳುತ್ತಲೇ ಒಡಕು ರೆಕಾರ್ಡನ್ನು ಕೊಂಡೆ.

ಮನೆಗೆ ಬಂದಾಗ ಅವ್ವ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಸ್ಟಿಕ್ಕರ್ ಆಗುವವರೆಗೆ ಅಡಗಿಸಿಡೋಣ ಎಂದರೆ ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದೇಬಿಟ್ಟಿತು. ಮೊರ ಸರಿಸಿ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಗಿಳಿಗಳನ್ನು ಮುಟ್ಟಿದಳು. ಕುಂಕುಮದ ಕಲೆಯನ್ನೂ ಮುಟ್ಟಿದಳು.

"ಹಾಕು" ಎಂದಳು.

ಒಡೆದಿದೆ, ಹಾಡುವುದಿಲ್ಲ ಎಂದು ಹೇಗೆ ಹೇಳಲಿ? ಬಹಳ ದಿನಗಳ ಮೇಲೆ ಅವಳು ಏನನ್ನೋ ಬೇಕೆಂದು ಕೇಳಿದ್ದಳು. ರೆಕಾರ್ಡನ್ನು ಯಂತ್ರದ ಮೇಲಿಟ್ಟು ಸ್ವಿಚ್ ಒತ್ತಿದೆ. ಸೂಜಿಯನ್ನು ಮಾತ್ರ ಇಳಿಸದೆ, ಅದು ಅವಳಿಗೆ ಕಾಣದಂತೆ ಅಡ್ಡ ನಿಂತೆ. ಜಗತ್ತನ್ನೆಲ್ಲ ಮೋಸಗಾರರೆಂದು ಜರಿಯುವ ನಾನು ಹೆತ್ತವ್ವನ ಕಣ್ಣಿಗೆ ಮಣ್ಣೆರಚುತ್ತಿದ್ದೆ, ನಾಚಿಕೆಯೂ ಆಯಿತು. ನೀಲಿ ಲೇಬಲ್ ತಿರುಗತೊಡಗಿತು. ಅವ್ವ ಗಿಳಿಗಳ ಮೇಲಿನ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ತಲೆ ತೂಗಿತು, ತುಟಿ ಅಲ್ಲಾಡಿತು. ನನ್ನನ್ನು ಮೆಚ್ಚಿಸಲು ಹೀಗೆ ಮಾಡುತ್ತಿದ್ದಾಳೋ ಎಂಬ ಅನುಮಾನ ಆಗಲೂ ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲಿ ಅವಳು ಪಕ್ಕದ ಮನೆಯ ಗೋಡೆಯ ಕಡೆ ನೋಡಿ ಕೈ ಮಾಡಿದಳು.

"ಸೌಂಡ್ ಸ್ವಲ್ಪ ಸಣ್ಣದ ಮಾಡಬೇ ಯವ್ವಾ. ಬಾಜೂ ಮನ್ಯಾಗ ಕೂಸು ಮಲಗಿರತೈತಿ."

ನಾನು ಗುಂಡಿ ತಿರುವಿ ಸಣ್ಣದು ಮಾಡಿದೆ.